ಮುಖದ ಸುಕ್ಕೂ ಸೂಜಿಯ ಮದ್ದೂ

ಮುಪ್ಪು ರೋಗವೋ ಅಲ್ಲವೋ ಎಂಬ ಪ್ರಶ್ನೆಯು ನಮ್ಮ ಪೂರ್ವಿಕರಿಗೆ ಹೊಸದಲ್ಲ. ಸುಶ್ರುತನು ಹಸಿವು, ನೀರಡಿಕೆ, ನಿದ್ರೆ, ಮರಣಗಳೊಡನೆ ಜರೆಯನ್ನೂ ಸ್ವಭಾವದಿಂದ ಬರುವ ವ್ಯಾಧಿಗಳಲ್ಲಿ ಎಣಿಸಿದ್ದಾನೆ. ಎಣಿಸಿ, ಕಾಲಕ್ಕೆ ಬಂದದ್ದು, ಅಕಾಲದಲ್ಲಿ ಬಂದದ್ದು ಎಂದು ಎರಡು ಬಗೆ ಮಾಡಿದ್ದಾನೆ. ಚರಕಸಂಹಿತೆಯ ಚಿಕಿತ್ಸಾಸ್ಥಾನವು ಆರಂಭವಾಗುವದೇ ರಸಾಯನ ಪ್ರಕರಣದಿಂದ. ಅಶ್ವಿನೀದೇವತೆಗಳು ವೃದ್ಧನಾದ ಚ್ಯವನನಿಗೆ ತಾರುಣ್ಯವನ್ನು ಕೊಟ್ಟರೆಂಬ ಕಥೆಯನ್ನು ನಾವು ಭಕ್ತಿಯಿಂದಲೇ ಕೇಳುತ್ತೇವೆ. ಆದುದರಿಂದ ಮುಖದ ವಲಿಗಳನ್ನು ತೆಗೆಯಿಸಿಕೊಳ್ಳಬಯಸುವವರನ್ನು ಕಂಡೊಡನೆ ಕಲಿಕಾಲವೆಂದು ತಲೆಯಲ್ಲಾಡಿಸುವ ನನ್ನ ಸಮವಯಸ್ಕರ ಮಾತು ನನಗೆ ಸಮ್ಮತವಾಗುವದಿಲ್ಲ. ತಲೆಗೂದಲಿಗೆ ಕಪ್ಪು ಹಚ್ಚಿಕೊಂಡು ಮದುವೆಯ ಪಂಕ್ತಿಯಲ್ಲಿ ಕೂಡ್ರುವ ಗೃಹಸ್ಥರೇ ಈ ಮಾತನ್ನು ಹೆಚ್ಚಾಗಿ ಆಡುವರೆಂಬುದನ್ನೂ ಕಂಡಿದ್ದೇನೆ.

ನನ್ನ ಕೈಯಲ್ಲಿ ಕಲಿತ ಒಬ್ಬ ಹೆಣ್ಣುಮಗಳು ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾಳೆ. ವಯಸ್ಸು ಐವತ್ತರ ಸಮೀಪ. ಹುಬ್ಬುಗಳ ನಡುವೆ ಎರಡು ಗೆರೆಗಳು ಆಳವಾಗಿ ಬಿದ್ದಿವೆ, ಗಲ್ಲಗಳು ಒಳಸೇರಿವೆ. ವೈದ್ಯರು ಎರಡು ಬಗೆಯ ಸೂಜಿಗಳನ್ನು ತಿಳಿಸಿದರಂತೆ. ‘ಗುರುಗಳೆ, ಎರಡರೊಳಗೆ ಯಾವುದನ್ನು ಮಾಡಿಸಿಕೊಂಡರೆ ತಪ್ಪಿಲ್ಲ?’ ಎಂದು ಅವಳು ಕೇಳಿದಳು. ತಪ್ಪು ಎಂದರೆ ಇಲ್ಲಿ ಧರ್ಮದ ತಪ್ಪು. ಶರೀರದ ಅಪಾಯಗಳನ್ನು ಅವಳಿಗೆ ವೈದ್ಯರೇ ಹೇಳಿದ್ದರು. ಪ್ರಶ್ನೆಯು ಮೇಲುನೋಟಕ್ಕೆ ಅಲ್ಪವಾದರೂ ವಿಚಾರಿಸುತ್ತ ಹೋದಂತೆ ನನಗೆ ಗಹನವಾಗಿ ತೋರಿತು.

ಎರಡು ಮದ್ದುಗಳ ಸ್ವರೂಪವನ್ನು ವಾಚಕರು ಮೊದಲು ತಿಳಿಯತಕ್ಕದ್ದು. ಒಂದನೆಯದು ಬೊಟುಲಿನಮ್ ಎಂಬ ವಿಷ. ಬೊಟಾಕ್ಸ್ ಎಂಬ ವ್ಯಾಪಾರದ ಹೆಸರಿನಿಂದ ಲೋಕಪ್ರಸಿದ್ಧವಾದದ್ದು. ಕೆಟ್ಟ ಆಹಾರದಲ್ಲಿ ಬೆಳೆಯುವ ಸೂಕ್ಷ್ಮಜೀವಿಯೊಂದು ಇದನ್ನು ಹುಟ್ಟಿಸುತ್ತದೆ. ಹಳಸಿದ ಮಾಂಸದ ತಿನಿಸಿನಿಂದ ಸತ್ತವರನ್ನು ಪರೀಕ್ಷಿಸಿ 19ನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಕೆರ್ನರನೆಂಬ ವೈದ್ಯನು ಇದರ ಲಕ್ಷಣಗಳನ್ನು ಬರೆದಿಟ್ಟನು. ನರವು ಸ್ನಾಯುವಿಗೆ ಕೊಡುವ ಆಜ್ಞೆಯನ್ನು ಇದು ತಡೆಯುತ್ತದೆ. ಅತ್ಯಲ್ಪ ಪ್ರಮಾಣದಲ್ಲಿ ಕೊಟ್ಟರೆ ಆ ಒಂದು ಸ್ನಾಯು ಮಾತ್ರ ಮೂರು ನಾಲ್ಕು ತಿಂಗಳು ಸಡಿಲಾಗಿ, ಬಳಿಕ ತಾನಾಗಿಯೇ ಮೊದಲಿನಂತಾಗುವದು. ಅಮೇರಿಕೆಯಲ್ಲಿ 1989ರಲ್ಲಿ ಇದಕ್ಕೆ ಒಪ್ಪಿಗೆ ದೊರೆತದ್ದು ಸೌಂದರ್ಯಕ್ಕಾಗಿ ಅಲ್ಲ, ಮೆಳ್ಳೆಗಣ್ಣು ಮತ್ತು ಬಿಡದೆ ಮುಚ್ಚಿಕೊಳ್ಳುವ ರೆಪ್ಪೆ ಇವುಗಳ ಚಿಕಿತ್ಸೆಗಾಗಿ. ಕಣ್ಣಿನ ಸುತ್ತ ಸೂಜಿ ಮಾಡಿಸಿಕೊಂಡವರ ಹುಬ್ಬಿನ ಗೆರೆಗಳೂ ಮಾಯವಾದದ್ದನ್ನು ಕೆನಡಾ ದೇಶದ ಕಾರುಥರ್ಸ್ ವೈದ್ಯದಂಪತಿಗಳು ಗಮನಿಸಿ 1992ರಲ್ಲಿ ಪ್ರಕಟಿಸಿದರು. ಹುಬ್ಬಿನ ಗೆರೆಗಳಿಗಾಗಿಯೇ ಒಪ್ಪಿಗೆ ದೊರೆತದ್ದು 2002ರಲ್ಲಿ.

ಎರಡನೆಯದು ಹಯಲುರಾನಿಕ್ ಆಮ್ಲ. ಇದು ನಮ್ಮ ಚರ್ಮದಲ್ಲಿಯೂ ಕಣ್ಣಿನಲ್ಲಿಯೂ ಸಹಜವಾಗಿರುವ, ನೀರನ್ನು ಹಿಡಿದಿಡುವ ದ್ರವ್ಯ. 1934ರಲ್ಲಿ ದನದ ಕಣ್ಣಿನಿಂದ ಬೇರ್ಪಡಿಸಲ್ಪಟ್ಟಿತು. ಇದನ್ನು ಲೋಳೆಯಂತೆ ಮಾಡಿ ಬತ್ತಿದ ಸ್ಥಳಗಳಲ್ಲಿ ತುಂಬುತ್ತಾರೆ. ಆರು ತಿಂಗಳಿಂದ ವರ್ಷ ಒಂದೂವರೆ ವರ್ಷದವರೆಗೆ ನಿಲ್ಲುವದು; ಬೇಡವಾದರೆ ಕರಗಿಸುವ ಮದ್ದೂ ಉಂಟು. ಆದರೆ ಅದು ರಕ್ತನಾಳದೊಳಗೆ ಹೊಕ್ಕರೆ ಚರ್ಮವು ಸಾಯಬಹುದು. ವಿರಳವಾಗಿ ದೃಷ್ಟಿಯೇ ಹೋಗಬಹುದು.

ಒಂದು ವಿಷ, ಇನ್ನೊಂದು ದೇಹದ್ದೇ ದ್ರವ್ಯ. ಆದುದರಿಂದ ಎರಡನೆಯದೇ ನಿರ್ದೋಷವೆಂದು ಯಾರೂ ಹೇಳಿಯಾರು. ನನ್ನ ಮತವು ಹಾಗಿಲ್ಲ. ಯುಕ್ತಿಯಿಂದ ಬಳಸಿದ ವಿಷವೂ ಔಷಧವಾಗುವದೆಂಬುದು ಚರಕನ ಸಿದ್ಧಾಂತವಷ್ಟೆ. ಹೆಸರನ್ನು ಬಿಟ್ಟು, ಮದ್ದು ಮುಖದ ಯಾವ ಕೆಲಸವನ್ನು ಮಾರ್ಪಡಿಸುತ್ತದೆಂಬುದನ್ನು ನೋಡಬೇಕು. ಮುಖವು ಕೇವಲ ನೋಡುವ ವಸ್ತುವಲ್ಲ, ಅದೊಂದು ಭಾಷೆ. ಭರತನು ನಾಟ್ಯಶಾಸ್ತ್ರದಲ್ಲಿ ಹುಬ್ಬಿನ ಚಲನೆಗಳನ್ನೇ ಏಳು ಎಂದು ಎಣಿಸಿದ್ದಾನೆ, ಗಂಟುಹುಬ್ಬು ಅವುಗಳಲ್ಲೊಂದು. ನಲವತ್ತು ಮಕ್ಕಳ ತರಗತಿಯನ್ನು ಬೆತ್ತವಿಲ್ಲದೆ ಹಿಡಿದವರಿಗೆ ಈ ಮಾತಿನ ಸತ್ಯವು ಚೆನ್ನಾಗಿ ತಿಳಿದಿದೆ. ವಿಷದ ಸೂಜಿಯು ಅಳತೆ ಮೀರಿದರೆ ಈ ಭಾಷೆಯ ಕೆಲವು ಅಕ್ಷರಗಳನ್ನೇ ಅಳಿಸುವದು. ತಾಯಿಯ ಹುಬ್ಬನ್ನು ನೋಡಿ ಅವಳ ಮನಸ್ಸನ್ನು ಅರಿಯುವ ಕೂಸಿಗೆ ಇದು ಸಣ್ಣ ನಷ್ಟವಲ್ಲ.

ಆದರೂ ಆ ಹೆಣ್ಣುಮಗಳ ಪ್ರಸಂಗದಲ್ಲಿ ನಾನು ವಿಷಕ್ಕೇ ಒಪ್ಪಿದೆನು. ‘ಯಾಕ್ರಿ ಮೇಡಮ್, ಸಿಟ್ಟಿಗೆದ್ದೀರೇನು?’ ಎಂದು ಕೈಕೆಳಗಿನವರು ದಿನಾಲು ಕೇಳುವರಂತೆ; ಅವಳಿಗೆ ಸಿಟ್ಟೇ ಬಂದಿರುವದಿಲ್ಲ. ಅವಳ ಹುಬ್ಬಿನ ಗೆರೆಯು ಮನಸ್ಸಿನಲ್ಲಿಲ್ಲದ್ದನ್ನು ಹೇಳುತ್ತಿದೆ. ಸುಳ್ಳು ಹೇಳುವ ಗೆರೆಯನ್ನು, ಹುಬ್ಬಿನ ಚಲನೆ ಪೂರ್ತಿ ನಿಲ್ಲದಂತೆ, ಅಲ್ಪ ಪ್ರಮಾಣದಲ್ಲಿ ಸಡಿಲಿಸಿದರೆ ಸತ್ಯಕ್ಕೆ ಹಾನಿಯೇನು? ಒಳಸೇರಿದ ಗಲ್ಲವಾದರೋ ಯಾವ ಸುಳ್ಳನ್ನೂ ಹೇಳುತ್ತಿಲ್ಲ. ಐವತ್ತನ್ನು ಐವತ್ತೆಂದೇ ಹೇಳುತ್ತದೆ. ಅದನ್ನು ತುಂಬಿಸುವ ಅವಶ್ಯಕತೆ ನನಗೆ ತೋರಲಿಲ್ಲ. ದೀರ್ಘರೋಗದಿಂದ ಮೂವತ್ತಕ್ಕೇ ಗಲ್ಲ ಬತ್ತಿದವರ ಮಾತು ಬೇರೆ. ಅದು ಅಕಾಲದ ಜರೆ, ಅಲ್ಲಿ ತುಂಬಿಸುವದು ಚಿಕಿತ್ಸೆಯೇ ಸರಿ.

ಇಷ್ಟರಿಂದ ವಿಚಾರವು ಮುಗಿದಂತಾಗಲಿಲ್ಲ. ಶುಕ್ರಾಚಾರ್ಯರ ಶಾಪದಿಂದ ಜರೆಯನ್ನು ಹೊಂದಿದ ಯಯಾತಿಯು ತನ್ನ ಐವರು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೇಳಿದನು. ನಾಲ್ವರು ಒಲ್ಲೆನೆಂದರು, ಪುರುವೊಬ್ಬನೇ ತಂದೆಯ ಮುಪ್ಪನ್ನು ಹೊತ್ತನು. ಈ ಕಥೆಯಲ್ಲಿ ನನ್ನನ್ನು ಯಾವಾಗಲೂ ಕಾಡಿದ್ದು ಯಯಾತಿಯ ಭೋಗಲಾಲಸೆಯಲ್ಲ. ತೆಗೆದುಹಾಕಿದ ಜರೆಯು ಎಲ್ಲಿಯಾದರೂ ಇಳಿಯಲೇಬೇಕೆಂಬ ಕಥೆಯ ಕಟ್ಟುಪಾಡು. ಇಂದಿನ ಸೂಜಿಯಿಂದ ತೆಗೆದ ಜರೆಯು ಎಲ್ಲಿ ಇಳಿಯುತ್ತದೆ? ಒಂದು ಕಚೇರಿಯಲ್ಲಿ ಹತ್ತು ಮಂದಿಯಲ್ಲಿ ಎಂಟು ಮಂದಿ ಮುಖವನ್ನು ನಯಗೊಳಿಸಿಕೊಂಡರೆ, ಉಳಿದಿಬ್ಬರು ಅದೇ ವಯಸ್ಸಿನವರಾದರೂ ಮುದುಕರಾಗಿ ಕಾಣುವರು. ಅವರು ಹಣವಿಲ್ಲದವರು, ಇಲ್ಲವೆ ಸೂಜಿಗೆ ಅಂಜಿದವರು. ನಾಳೆ ಅವರೂ ಮಾಡಿಸಿಕೊಳ್ಳಲೇಬೇಕಾಗುವದು. ಆಗ ಆರಿಸಿಕೊಳ್ಳುವದೆಂಬ ಮಾತಿಗೆ ಅರ್ಥವೆಲ್ಲಿ ಉಳಿಯಿತು? ಈ ಅಂಜಿಕೆಯು ಮುದುಕರಲ್ಲಿಯೇ ನಿಲ್ಲುವದೂ ಇಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಕೊಬ್ಬು ತೆಗೆಯಿಸುವ ಶಸ್ತ್ರಕ್ರಿಯೆಗೆ ಹೋದ ಕಿರುತೆರೆಯ ನಟಿಯೊಬ್ಬಳು ತೀರಿಕೊಂಡಳು. ಅವಳ ವಯಸ್ಸು 21. ಜರೆಯ ಗಾಳಿಯೂ ಅವಳಿಗೆ ತಾಕಿರಲಿಲ್ಲ.

ನಮ್ಮ ತುಬಚಿಯ ಸುತ್ತಿನ ಹೊಲಗಳಲ್ಲಿ ಕಬ್ಬು ಕಡಿಯುವ ಹೆಣ್ಣುಮಕ್ಕಳನ್ನು ನೋಡಿರಿ. ಬಿಸಿಲಿನ ಕಿರಣಗಳು ಚರ್ಮದ ಒಳಗಿನ ನಾರುಗಳನ್ನು ಮುರಿಯುವದರಿಂದ ನಲವತ್ತಕ್ಕೇ ಅವರ ಮುಖದಲ್ಲಿ ಅರವತ್ತರ ಗೆರೆಗಳು. ಸುಶ್ರುತನ ಮಾತಿನಂತೆ ನೋಡಿದರೆ ಅಕಾಲದ ಜರೆ ಇವರದೇ. ಚಿಕಿತ್ಸೆಗೆ ಮೊದಲ ಅಧಿಕಾರವೂ ಇವರದೇ. ಇವರಿಗೆ ಸೂಜಿ ಬೇಕಾಗಿಲ್ಲ. ನಡುಮಧ್ಯಾಹ್ನ ಎರಡು ತಾಸು ಕೆಲಸಕ್ಕೆ ಬಿಡುವು, ಬದುವಿನ ಮೇಲೆ ನೆರಳಿಗೊಂದು ಬೇವಿನ ಗಿಡ ಇದ್ದರೆ ಬಹಳವಾಯಿತು. ಇದನ್ನು ಕೊಡತಕ್ಕವರು ಹೊಲದ ಒಡೆಯರು. ಅವರಲ್ಲಿ ಕೆಲವರು ಈ ಪತ್ರಿಕೆಯ ಚಂದಾದಾರರೂ ಇದ್ದಾರೆ.