ಸಂದೇಹದ ಲಾಭ ಯಾರಿಗೆ?

ಕುಡಿದು ವಾಹನ ಚಲಾಯಿಸಿದ್ದಕ್ಕಾಗಿ ಶಿಕ್ಷೆಗೊಳಗಾದವನು 'ಸಾಕ್ಷ್ಯ ಸಾಲದು' ಎಂದು ಮೇಲ್ಮನವಿ ಸಲ್ಲಿಸಿದರೆ ನಮ್ಮಲ್ಲಿ ಹೆಚ್ಚಿನವರಿಗೆ ಹಿಡಿಸುವುದಿಲ್ಲ. ಕುಡಿದಿದ್ದೇನೋ ಇಲ್ಲವೋ ಎಂಬುದು ಅವನಿಗೇ ಗೊತ್ತಿಲ್ಲವೇ ಎಂದು ಕೇಳುತ್ತೇವೆ. ಆದರೆ ನ್ಯಾಯಾಲಯ ಕೇಳುವ ಪ್ರಶ್ನೆಯೇ ಬೇರೆ. ಒಬ್ಬ ಮನುಷ್ಯನನ್ನು ಶಿಕ್ಷಿಸುವಷ್ಟು ಆಧಾರವನ್ನು ಸರಕಾರ ಮುಂದಿಟ್ಟಿದೆಯೇ ಎಂಬುದಷ್ಟೇ ಅಲ್ಲಿನ ಪ್ರಶ್ನೆ.

ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ.ಗಿಂತ ಹೆಚ್ಚು ಮದ್ಯಾಂಶವಿರುವುದು ಪರೀಕ್ಷೆಯಲ್ಲಿ ಕಂಡುಬರಬೇಕು. ಬಾಯಿಯ ವಾಸನೆ, ತೂರಾಡುವ ನಡಿಗೆ, ತೊದಲುವ ಮಾತು ಇವಿಷ್ಟರಿಂದ ಮದ್ಯಸೇವನೆ ಸಾಬೀತಾಗದೆಂದು ಸುಪ್ರೀಂ ಕೋರ್ಟ್ 1971ರಲ್ಲೇ ಹೇಳಿತ್ತು. ಇಸ್ಲಾಮೀ ಕರ್ಮಶಾಸ್ತ್ರದ ವಿದ್ವಾಂಸರ ಮುಂದೆಯೂ ಇದೇ ಪ್ರಶ್ನೆ ಬಂದಿತ್ತು. ಮಾಲಿಕೀ ವಿದ್ವಾಂಸರು ವಾಸನೆಯನ್ನು ಪುರಾವೆಯೆಂದು ಒಪ್ಪಿದರು. ಹನಫಿ ಮತ್ತು ಶಾಫಿ ವಿದ್ವಾಂಸರು ಒಪ್ಪಲಿಲ್ಲ. ಮದ್ಯ ನಿಷಿದ್ಧವೆಂಬುದರಲ್ಲಿ ಅವರಿಗೆ ಭಿನ್ನಾಭಿಪ್ರಾಯವಿರಲಿಲ್ಲ. ಪಾಪವನ್ನು ದ್ವೇಷಿಸುವುದು ಬೇರೆ, ಅದನ್ನು ಇವನೇ ಮಾಡಿದನೆಂದು ತೀರ್ಪು ಕೊಡುವುದು ಬೇರೆ ಎಂಬುದನ್ನು ಅವರು ಅರಿತಿದ್ದರು.

ಈ ತತ್ವ ಎಷ್ಟು ಭಾರವಾಗಬಲ್ಲದು ಎಂಬುದಕ್ಕೆ ಮುಂಬೈಯ ಪ್ರಕರಣವೇ ಉದಾಹರಣೆ. 2002ರ ಸೆಪ್ಟೆಂಬರ್‌ನಲ್ಲಿ ಬಾಂದ್ರಾದ ಬೇಕರಿಯೊಂದರ ಮುಂದೆ ಮಲಗಿದ್ದವರ ಮೇಲೆ ಕಾರು ಹರಿದು ಒಬ್ಬರು ಸತ್ತರು, ನಾಲ್ವರು ಗಾಯಗೊಂಡರು. ನಟ ಸಲ್ಮಾನ್ ಖಾನ್‌ಗೆ 2015ರ ಮೇ ತಿಂಗಳಲ್ಲಿ ಸೆಷನ್ಸ್ ನ್ಯಾಯಾಲಯ ಐದು ವರ್ಷಗಳ ಶಿಕ್ಷೆ ವಿಧಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್ ಅವರನ್ನು ಖುಲಾಸೆಗೊಳಿಸಿತು. ಅವರೇ ಕಾರು ಚಲಾಯಿಸುತ್ತಿದ್ದರು, ಮದ್ಯ ಸೇವಿಸಿದ್ದರು ಎಂಬುದನ್ನು ಸಂದೇಹಾತೀತವಾಗಿ ಸಾಬೀತುಪಡಿಸಲು ಪ್ರಾಸಿಕ್ಯೂಷನ್ ವಿಫಲವಾಗಿದೆ ಎಂಬುದು ಹೈಕೋರ್ಟಿನ ನಿಲುವಾಗಿತ್ತು. ರಾಜ್ಯ ಸರಕಾರ ಅದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಯಿತು.

ಖುಲಾಸೆಯಾದವರನ್ನು ಅಪರಾಧಿಯೆಂದು ಕರೆಯುವ ಹಕ್ಕು ನಮಗಿಲ್ಲ. ಹಾಗೆಂದು ಬೀದಿಯಲ್ಲಿ ಸತ್ತವನಿಗೆ ಉತ್ತರ ಸಿಕ್ಕಿತೆಂದು ಹೇಳಲೂ ಆಗದು. ಅವನ ಮನೆಯವರಿಗೆ ಆ ಉತ್ತರವನ್ನು ಕೊಡಬೇಕಾದವರು ಯಾರು? ರಕ್ತದ ಮಾದರಿ ತೆಗೆಯುವ, ಮುದ್ರೆ ಒತ್ತುವ, ಪ್ರಯೋಗಾಲಯಕ್ಕೆ ತಲುಪಿಸುವ ಕೆಲಸ ಸರಕಾರದ್ದು. ಅಲ್ಲಿ ಅಸಡ್ಡೆ ನಡೆದರೆ ಆರೋಪಿಗೆ ಲಾಭವಾಗುತ್ತದೆ, ಬಲಿಯಾದವನಿಗೆ ಎರಡನೇ ಬಾರಿ ಅನ್ಯಾಯವಾಗುತ್ತದೆ.

ಇದರ ಇನ್ನೊಂದು ಮುಖ ನಮ್ಮ ಊರುಗಳಲ್ಲೇ ಇದೆ. ರಾತ್ರಿ ತಪಾಸಣೆಯಲ್ಲಿ ಸಿಕ್ಕಿಬಿದ್ದ ಆಟೋ ಚಾಲಕನಿಗೆ ವಕೀಲರನ್ನಿಡುವ ಶಕ್ತಿ ಇರುವುದಿಲ್ಲ. ಆಟೋ ನಿಂತರೆ ಅಂದಿನ ಅನ್ನ ನಿಲ್ಲುತ್ತದೆ. ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ಮುಗಿಯಿತು ಎಂದುಕೊಳ್ಳುತ್ತಾನೆ. ಆದರೆ ತಪ್ಪೊಪ್ಪಿಕೊಂಡವನು ಶಿಕ್ಷೆಯ ಪ್ರಮಾಣ ಅಥವಾ ಕಾನೂನುಬದ್ಧತೆಯ ಹೊರತು ಬೇರಾವುದರ ವಿರುದ್ಧವೂ ಸಾಮಾನ್ಯವಾಗಿ ಮೇಲ್ಮನವಿ ಸಲ್ಲಿಸುವಂತಿಲ್ಲ. ಉಪಕರಣ ಸರಿಯಿತ್ತೇ, ದಾಖಲೆ ಸರಿಯಿತ್ತೇ ಎಂದು ಅವನ ಪರವಾಗಿ ಯಾರೂ ಕೇಳುವುದೇ ಇಲ್ಲ.

ಸಂದೇಹದ ಲಾಭವೆಂಬುದು ಕಾನೂನಿನ ಔದಾರ್ಯವಲ್ಲ, ಎಲ್ಲರಿಗೂ ಸಲ್ಲಬೇಕಾದ ಹಕ್ಕು. ಹಣವಿದ್ದವನಿಗೆ ಅದು ಸಿಕ್ಕಿತೆಂದು ಅದನ್ನೇ ಕಿತ್ತು ಹಾಕಿದರೆ ಮೊದಲು ಬೀಳುವವನು ಬಡವನೇ. ಅವನಿಗೂ ವಕೀಲರು ಸಿಗಬೇಕು, ಪೊಲೀಸರ ತನಿಖೆ ಬಿಗಿಯಾಗಬೇಕು. ಇನ್ನು, ಬಿಡುಗಡೆಯಾಗಿ ಹೊರಬಂದವನು ಆ ರಾತ್ರಿ ನಿಜಕ್ಕೂ ಕುಡಿದಿದ್ದರೆ, ಅದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಅವನಿಗೆ ಗೊತ್ತು.