ಚೌಕದೊಳಗಿನ ಅರ್ಧ ಮನುಷ್ಯ

ನನ್ನ ಸಂಶೋಧನೆಗಾಗಿ ದಿನವೂ ನೋಡುವ ನಕ್ಷೆಯಲ್ಲಿ ಭೂಮಿ ಚೌಕಳಿ ಸೀರೆಯ ಹಾಗೆ ಕಾಣುತ್ತದೆ. ನೂರು ಮೀಟರ್ ಉದ್ದ, ನೂರು ಮೀಟರ್ ಅಗಲದ ಒಂದೊಂದು ಚೌಕಕ್ಕೂ ಒಂದು ಸಂಖ್ಯೆ. ಅದು ಅಲ್ಲಿ ಎಷ್ಟು ಜನ ಇರಬಹುದು ಎಂಬ ಅಂದಾಜು. ಎಷ್ಟೋ ಚೌಕಗಳಲ್ಲಿ ಅದು ಪೂರ್ಣಾಂಕವೂ ಆಗಿರುವುದಿಲ್ಲ. ಒಂದು ಚೌಕದಲ್ಲಿ 0.5 ಎಂದಿದ್ದರೆ ಆ ಅರ್ಧ ಮನುಷ್ಯ ಯಾರು?

ಲೆಕ್ಕದ ಮಟ್ಟಿಗೆ ಉತ್ತರ ಸುಲಭ. ಜನಗಣತಿಯಿಂದ ಒಂದು ವಾರ್ಡಿಗೋ ಜಿಲ್ಲೆಗೋ ಒಂದು ಮೊತ್ತ ಸಿಗುತ್ತದೆ. ಉಪಗ್ರಹಕ್ಕೆ ಕಾಣುವ ಕಟ್ಟಡ, ರಸ್ತೆ, ರಾತ್ರಿಯ ಬೆಳಕುಗಳನ್ನು ನೋಡಿ ಆ ಮೊತ್ತವನ್ನು ಚೌಕಗಳಿಗೆ ಹಂಚುತ್ತಾರೆ. ಸೌತಾಂಪ್ಟನ್ ವಿಶ್ವವಿದ್ಯಾಲಯದ ವರ್ಲ್ಡ್‌ಪಾಪ್ ನಕ್ಷೆಗಳು ಹೆಚ್ಚಾಗಿ ಸಿದ್ಧವಾಗುವುದು ಹೀಗೆ.

ಆದರೆ ಹಂಚುವುದಕ್ಕೆ ಮೊದಲು ಮೊತ್ತ ಬೇಕಲ್ಲ? ಕಿನ್ಶಾಸಾ ರಾಜಧಾನಿಯಾಗಿರುವ ಕಾಂಗೋದಲ್ಲಿ ಕೊನೆಯ ಜನಗಣತಿ ನಡೆದದ್ದು 1984ರಲ್ಲಿ. ಆಮೇಲೆ ಹುಟ್ಟಿ, ಈಗ ಮಕ್ಕಳೊಂದಿಗರಾದವರನ್ನೂ ಯಾವ ಗಣತಿದಾರರೂ ಮಾತಾಡಿಸಿಲ್ಲ. ನಮ್ಮಲ್ಲೂ 2021ರ ಗಣತಿ ಮುಂದೂಡಿದ್ದರಿಂದ, ಬೆಂಗಳೂರಿನ ಅಂಚಿನ ಹೊಸ ಬಡಾವಣೆಗಳನ್ನು 2011ರ ಮೊತ್ತವನ್ನೇ ಹಿಗ್ಗಿಸಿ ಅಳೆಯಬೇಕಾಯಿತು.

ಅಂದಾಜು ಯಾರ ಕೈಯಲ್ಲಿದೆ ಎಂಬುದೂ ಮುಖ್ಯ. ನೈರೋಬಿಯ ಕಿಬೇರಾ ಕೊಳೆಗೇರಿಯಲ್ಲಿ ಹತ್ತು ಲಕ್ಷ ಜನರಿದ್ದಾರೆಂಬ ಮಾತು ವರ್ಷಗಟ್ಟಲೆ ಚಾಲ್ತಿಯಲ್ಲಿತ್ತು. 2009ರ ಜನಗಣತಿ ಲೆಕ್ಕ ಹಾಕಿದ್ದು ಸುಮಾರು 1.7 ಲಕ್ಷ. ಸಂಖ್ಯೆ ದೊಡ್ಡದಾದರೆ ನೆರವು ಕೇಳುವವರಿಗೆ ಅನುಕೂಲ, ಸಣ್ಣದಾದರೆ ನೀರು, ಶೌಚಾಲಯ ಒದಗಿಸಬೇಕಾದವರಿಗೆ ಅನುಕೂಲ. ಮೇಲಿನಿಂದ ನೋಡುವ ಉಪಗ್ರಹಕ್ಕೆ ಒತ್ತೊತ್ತಾದ ತಗಡಿನ ಮಾಡುಗಳು ಕಾಣುತ್ತವೆಯೇ ಹೊರತು ಒಂದೊಂದರ ಕೆಳಗೆ ಎಷ್ಟು ಜನ ಮಲಗುತ್ತಾರೆಂಬುದು ಕಾಣುವುದಿಲ್ಲ.

ಹಾಗಂತ ಅಂದಾಜೇ ಬೇಡ ಎನ್ನಲಾರೆ. ಉತ್ತರ ನೈಜೀರಿಯಾದ ಪೋಲಿಯೊ ಲಸಿಕೆ ತಂಡಗಳು, ಹಳೆಯ ಪಟ್ಟಿಗಳಲ್ಲಿ ಹೆಸರೇ ಇರದ ಊರುಗಳನ್ನು ಉಪಗ್ರಹ ಚಿತ್ರಗಳ ನೆರವಿನಿಂದಲೇ ಗುರುತಿಸಿದವು. ಎಣಿಸುವವರು ಬರಲಿ ಎಂದು ಕಾದಿದ್ದರೆ ಅಲ್ಲಿನ ಮಕ್ಕಳಿಗೆ ಲಸಿಕೆ ಸಿಗುತ್ತಿರಲಿಲ್ಲ.

ಆದರೂ ಎಣಿಕೆಯೂ ಅಂದಾಜೂ ಒಂದೇ ಅಲ್ಲ. ಗಣತಿದಾರರು ಬಾಗಿಲಿಗೆ ಬಂದು "ಮನೇಲಿ ಎಷ್ಟು ಜನ ಇದ್ದೀರಿ?" ಎಂದು ಕೇಳುತ್ತಾರೆ. ಉತ್ತರ ಹೇಳುವವರು ಮನೆಯವರು. ಅಂದಾಜಿನಲ್ಲಿ ಅವರಿಗೆ ಮಾತೇ ಇಲ್ಲ, ತಮ್ಮನ್ನು 0.5 ಎಂದು ಬರೆದದ್ದೂ ಅವರಿಗೆ ತಿಳಿಯುವುದಿಲ್ಲ. ಹಾಗಾಗಿ ಅಂದಾಜು ಮಾಡುವವರ ಮೇಲೆ ಅವರ ಋಣವಿದೆ ಎಂದು ನಾನು ನಂಬುತ್ತೇನೆ. ಸಂಖ್ಯೆಯ ಜೊತೆಗೇ ಅದು ಎಷ್ಟು ಹೆಚ್ಚು ಕಡಿಮೆ ಆಗಬಹುದೆಂದು ಹೇಳುವುದು ಆ ಋಣದ ಮೊದಲ ಕಂತು. ಸೊನ್ನೆಯೆಂದರೆ "ಯಾರೂ ಇಲ್ಲ" ಎಂದಲ್ಲ, "ನಮಗೆ ಕಂಡಿಲ್ಲ" ಎಂದಿರಬಹುದು ಎಂದು ಒಪ್ಪುವುದು ಎರಡನೆಯದು. ಉಳಿದ ಋಣ ತೀರುವುದು ಯಾರಾದರೂ ಅಲ್ಲಿಗೆ ಹೋಗಿ ಬಾಗಿಲು ತಟ್ಟಿದಾಗ ಮಾತ್ರ.