ಬಿಚ್ಚುವ ಮೊದಲು

ಚಾರ್ಜ್ ಆಗುತ್ತಿಲ್ಲವೆಂದು ಬಂದ ಫೋನಿಗೆ ಮೊದಲು ಬೇಕಾದದ್ದು ಟಾರ್ಚು, ಆಮೇಲೆ ಒಂದು ಹಲ್ಲುಕಡ್ಡಿ. ಜೇಬಿನ ನೂಲುಧೂಳು ಚಾರ್ಜಿಂಗ್ ಕಿಂಡಿಯ ತಳದಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಸ್ಕ್ರೂಡ್ರೈವರ್ ಹಿಡಿದೇ ಶುರುಮಾಡುವ ಹುಡುಗನಿಗೆ ಕೈ ಬೇಗ ಪಳಗುತ್ತದೆ, ಕಸುಬು ತಡವಾಗಿ ಹತ್ತುತ್ತದೆ.

*

"ನಾನೇನೂ ಮಾಡ್ಲಿಲ್ಲಣ್ಣ, ತಾನಾಗೇ ಆಫ್ ಆಯ್ತು." ಗಿರಾಕಿಯ ಮೊದಲ ಮಾತು ಸಾಮಾನ್ಯವಾಗಿ ಇದೇ. ತೇವ ತಗುಲಿದರೆ ಕೆಂಪಾಗುವ ಪುಟ್ಟ ಬಿಳಿ ಚೀಟಿಯನ್ನು ಕಂಪನಿಯವರು ಒಳಗೆ ಅಂಟಿಸಿರುತ್ತಾರೆ. ಅದು ಕೆಂಪಾಗಿದ್ದರೆ ವಾದಕ್ಕೆ ನಿಲ್ಲಬೇಡಿ. ಯಾವಾಗ ಬಿತ್ತು, ಯಾವ ನೀರು, ಆಮೇಲೆ ಚಾರ್ಜಿಗೆ ಹಾಕಿದಿರಾ ಎಂದು ಕೇಳಿ. ಅರ್ಧ ರಿಪೇರಿ ಆ ಉತ್ತರದಲ್ಲೇ ಇರುತ್ತದೆ.

*

ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟ ಫೋನಿನೊಳಗೆ ಬ್ಯಾಟರಿಯ ಕರೆಂಟು, ನೀರಿನ ಲವಣ ಎರಡೂ ಸೇರಿಕೊಂಡು ತಾಮ್ರವನ್ನು ತಿನ್ನುತ್ತಲೇ ಇರುತ್ತವೆ. ಆಫ್ ಮಾಡಿ, ಬಿಚ್ಚಿ, ಬ್ಯಾಟರಿ ಕನೆಕ್ಟರ್ ಕಳಚಿ, ಬೋರ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಬ್ರಷ್ ಆಡಿಸಬೇಕು. ಅಕ್ಕಿಯನ್ನು ಅನ್ನಕ್ಕೆ ಬಿಡಿ.

*

ಬಿಚ್ಚುವಾಗ ಎಲ್ಲ ಸ್ಕ್ರೂಗಳೂ ಒಂದೇ ಥರ ಕಾಣುತ್ತವೆ. ಐಫೋನಿನಲ್ಲಿ ಗಿಡ್ಡ ಸ್ಕ್ರೂವಿನ ತೂತಿಗೆ ಕೂದಲೆಳೆಯಷ್ಟು ಉದ್ದದ್ದನ್ನು ತಿರುಗಿಸಿದರೂ ಬೋರ್ಡಿನೊಳಗಿನ ತಾಮ್ರದ ಗೆರೆ ಕತ್ತರಿಸಿಹೋಗಬಹುದು. ಕಾಗದದ ಮೇಲೆ ಫೋನಿನ ಚಿತ್ರ ಗೀಚಿ, ಯಾವ ಸ್ಕ್ರೂ ಎಲ್ಲಿಂದ ಬಂತೋ ಅಲ್ಲೇ ಅಂಟುಪಟ್ಟಿ ಹಚ್ಚಿಡಿ. ಪಕ್ಕದ ಟೇಬಲ್ಲಿನವರು ನಕ್ಕರೆ ನಗಲಿ.

*

ಡೆಡ್ ಸೆಟ್ಟಿನ ಮುಂದೆ ಕೂತಾಗಲೇ ಈ ಕೆಲಸದ ಸೊಗಸು ತಿಳಿಯುವುದು. ಮಲ್ಟಿಮೀಟರಿನ ಒಂದು ಕಡ್ಡಿ ಗ್ರೌಂಡಿಗೆ, ಇನ್ನೊಂದು ಬ್ಯಾಟರಿ ಲೈನಿಗೆ. ಬೀಪ್ ಎಂದಿತೋ, ಶಾರ್ಟು. ಆದರೆ ಆ ಲೈನಿನಲ್ಲಿ ಕಣ್ಣಿಗೆ ಸರಿಯಾಗಿ ಕಾಣದ ಕೆಪಾಸಿಟರುಗಳು ಹತ್ತಾರು, ಕೆಟ್ಟದ್ದು ಯಾವುದು? ಬಿಸಿ ಐರನ್ನಿನ ತುದಿಗೆ ರಾಳ ಮುಟ್ಟಿಸಿ, ಏಳುವ ಹೊಗೆಯನ್ನು ಬೋರ್ಡಿಗೆ ಹಿಡಿಯುತ್ತಾರೆ. ಬೋರ್ಡು ತೆಳ್ಳಗೆ ಬಿಳಿಚಿಕೊಳ್ಳುತ್ತದೆ. ಡಿಸಿ ಸಪ್ಲೈಯಿಂದ ಒಂದು ವೋಲ್ಟಿನ ಆಸುಪಾಸು ಕೊಟ್ಟರೆ ಕೆಟ್ಟ ಕೆಪಾಸಿಟರು ಬಿಸಿಯಾಗಿ, ಮೇಲಿನ ಬಿಳುಪು ಕರಗಿ, ಅದೊಂದೇ ಎದ್ದು ಕಾಣುತ್ತದೆ. ಅದನ್ನು ಕಿತ್ತ ಮೇಲೆ ಎಷ್ಟೋ ಸೆಟ್ಟುಗಳು ಆನ್ ಆಗುತ್ತವೆ, ಪಕ್ಕದ ಕೆಪಾಸಿಟರುಗಳೇ ಅದರ ಕೆಲಸವನ್ನೂ ಹೊರುತ್ತವೆ. ಥರ್ಮಲ್ ಕ್ಯಾಮೆರಾ ಕೊಂಡವರು ಇದನ್ನು ಹಳೇ ಪದ್ಧತಿ ಎನ್ನುತ್ತಾರೆ. ಇರಬಹುದು. ರಾಳ ಅಗ್ಗ.

*

ಈಗಿನ ಕಂಪನಿ ಬೆಸುಗೆಯಲ್ಲಿ ಸೀಸವಿಲ್ಲ. ಅದು ಕರಗಲು ಸುಮಾರು 217 ಡಿಗ್ರಿ ಬೇಕು. 63/37ರ ಸೀಸದ ಬೆಸುಗೆ 183ಕ್ಕೇ ಕರಗುತ್ತದೆ. ಇದನ್ನು ಅದಕ್ಕೆ ಬೆರೆಸಿದರೆ ಹಠ ಹಿಡಿದ ಚಾರ್ಜಿಂಗ್ ಪಿನ್ನೂ ಸಡಿಲವಾಗುತ್ತದೆ. ಸುಮ್ಮನೆ ಬಿಸಿ ಏರಿಸುತ್ತ ಹೋಗುವುದು ಸೋಮಾರಿಯ ದಾರಿ. ಕೆಲಸ ಮುಗಿದ ಮೇಲೆ ಕೈ ತೊಳೆಯದೆ ತಿಂಡಿಗೆ ಕೂರಬೇಡಿ.

*

ಉಬ್ಬಿದ ಬ್ಯಾಟರಿಯನ್ನು ಚುಚ್ಚಿ ಗ್ಯಾಸ್ ಬಿಡುತ್ತೇನೆ ಎನ್ನುವವನ ಅಂಗಡಿಯಲ್ಲಿ ಕಲಿಯಬೇಡಿ.

*

ಫೋನು ಕಲಿತವರ ಸೊಕ್ಕನ್ನು ಟ್ಯಾಬ್ಲೆಟ್ ಇಳಿಸುತ್ತದೆ. ಅಗಲ ಗಾಜು, ಸುತ್ತಲೂ ಅಂಟು. ಬಿಸಿ ಕೊಟ್ಟು, ಅಂಟು ಮೆತ್ತಗಾಗುವವರೆಗೆ ಕಾದು, ಪ್ಲಾಸ್ಟಿಕ್ ಪಿಕ್ಕನ್ನು ತುಸುವೇ ತೂರಿಸಿ ಸುತ್ತು ಬರಬೇಕು. ಆಳಕ್ಕೆ ಹೋದರೆ ಅಂಚಿನಲ್ಲಿರುವ ಫ್ಲೆಕ್ಸ್ ಪಟ್ಟಿ ಹರಿಯುತ್ತದೆ. ಬರೀ ಗಾಜು ಬದಲಿಸಲು ತಂದದ್ದಕ್ಕೆ ಡಿಸ್‌ಪ್ಲೇಯನ್ನೂ ಹಾಕಿಕೊಡಬೇಕಾಗಿ ಬಂದು, ಖರ್ಚು ನಿಮ್ಮ ತಲೆಗೆ.

*

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದೇ ಮಾಡೆಲ್ಲಿನ ಡಿಸ್‌ಪ್ಲೇಗೆ ಹಲವು ದರ. ಒಎಲ್‌ಇಡಿ ಇದ್ದ ಕಡೆ ಎಲ್‌ಸಿಡಿ ಕೂರಿಸಿದರೂ ಚಿತ್ರ ಬರುತ್ತದೆ; ಕಪ್ಪು ಮಾತ್ರ ಬೂದಿಬಣ್ಣಕ್ಕೆ ತಿರುಗುತ್ತದೆ. ಅಗ್ಗದ್ದೇ ಸಾಕು ಎನ್ನುವ ಗಿರಾಕಿಯೂ ಇದ್ದಾರೆ, ಹಾಕಿ. ಆದರೆ ಹಾಕಿದ್ದು ಏನೆಂದು ಬಿಲ್ಲಿನಲ್ಲಿ ಬರೆದುಕೊಡಿ. ಐಫೋನಂತೂ ಹೊರಗಿನ ಡಿಸ್‌ಪ್ಲೇ ಹಾಕಿದ್ದನ್ನು ತಾನೇ ಚಾಡಿ ಹೇಳುತ್ತದೆ.

*

ಡಿಸ್‌ಪ್ಲೇ ಬದಲಿಸಲು ಪ್ಯಾಟರ್ನ್ ಲಾಕ್ ಯಾಕೆ ಬೇಕು? ಗಿರಾಕಿ ಬಂದಾಗ ಅವರ ಎದುರೇ ಟಚ್ ಪರೀಕ್ಷಿಸಿದರಾಯಿತು. ಸ್ಯಾಮ್‌ಸಂಗ್ 2022ರಲ್ಲಿ ಮೇಂಟೆನೆನ್ಸ್ ಮೋಡ್ ತಂದು, ರಿಪೇರಿಗೆ ಕೊಟ್ಟ ಫೋನಿನ ಫೋಟೊ, ಮೆಸೇಜುಗಳು ಕಾಣದಂತೆ ಮಾಡಿತು. ಅಂಥ ಸೌಲಭ್ಯವಿಲ್ಲದ ಫೋನಿನಲ್ಲಿ ಮೆಕ್ಯಾನಿಕ್ಕೇ ಕಣ್ಣು ಹೊರಳಿಸಬೇಕು. ಒಮ್ಮೆ ಗ್ಯಾಲರಿ ತೆರೆದವನ ಕೈಗೆ ಯಾವ ಹೆಣ್ಣುಮಗಳೂ ಮತ್ತೆ ಫೋನು ಕೊಡಬಾರದು.

*

ಕೆಲವು ಕೆಲಸ ಗೊತ್ತಿಲ್ಲದಿರುವುದೇ ಕ್ಷೇಮ. ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ತಿದ್ದಿದವರಿಗೆ 2023ರ ದೂರಸಂಪರ್ಕ ಕಾಯ್ದೆ ಮೂರು ವರ್ಷದವರೆಗೆ ಜೈಲು, ಇಲ್ಲವೇ 50 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸುತ್ತದೆ. "ಬರೀ ನಂಬರ್ ತಾನೇ ಅಣ್ಣ" ಎಂದು ಬರುವವನನ್ನು ಬಾಗಿಲಿಂದಲೇ ಕಳಿಸಿ.

*

ಯೂಟ್ಯೂಬಿನಲ್ಲಿ ಗೆದ್ದ ರಿಪೇರಿಗಳೇ ಕಾಣುತ್ತವೆ. ಸೋತವು ಹೇಗೆ ಸೋತವೆಂದು ತಿಳಿಯಲು ಬಲ್ಲವರ ಪಕ್ಕ ಕೂರಬೇಕು. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ ಊಟ, ವಸತಿ ಕೊಟ್ಟು ಉಚಿತವಾಗಿ ಕಲಿಸುವ ಕಸುಬುಗಳಲ್ಲಿ ಮೊಬೈಲ್ ರಿಪೇರಿಯೂ ಒಂದು. ದುಬಾರಿ ಫೀಸು ಕಟ್ಟುವ ಮೊದಲು ಅಲ್ಲಿ ವಿಚಾರಿಸಿ.

*

ಕಲಿಯುವ ಮನಸ್ಸಿದ್ದರೆ ಮನೆಯ ಬೀರುವಿನಲ್ಲಿ ಕೆಟ್ಟು ಬಿದ್ದಿರುವ ಸೆಟ್ಟೊಂದನ್ನು ಹೊರತೆಗೆಯಿರಿ. ಬ್ಯಾಟರಿ ಉಬ್ಬಿಲ್ಲ ಎಂದು ಖಚಿತಪಡಿಸಿಕೊಳ್ಳಿ. ಬಿಚ್ಚಿ, ಜೋಡಿಸಿ, ಮತ್ತೆ ಬಿಚ್ಚಿ. ಒಂದು ಸ್ಕ್ರೂ ಕೂಡ ಮಿಗದಂತಾದ ಮೇಲೆ ಬೇರೆಯವರ ಫೋನು ಮುಟ್ಟಿ.